ಎಲುಬಿನೊಳಗಿನ ಗಿರಣಿ

ಕ್ಯಾನ್ಸರಿಗೆ ಕನ್ನಡದಲ್ಲಿ ‘ಅರ್ಬುದ’ ಎಂಬ ಪದವಿದೆ. ಪತ್ರಿಕೆಗಳ ಆರೋಗ್ಯ ಪುಟದಲ್ಲಿ, ಸರಕಾರಿ ಪ್ರಕಟಣೆಗಳಲ್ಲಿ ಅದು ಕಣ್ಣಿಗೆ ಬೀಳುತ್ತದೆ. ಮಾತಿನಲ್ಲಿ ಯಾರೂ ಬಳಸಿದ್ದನ್ನು ನಾವು ಕೇಳಿಲ್ಲ. ಸುಶ್ರುತ ಸಂಹಿತೆಯಲ್ಲಿಯೇ ಬರುವ ಈ ಪದಕ್ಕೆ ಅಲ್ಲಿ ಗಡ್ಡೆ, ಗಂಟು ಎಂಬ ಅರ್ಥ. ಹಳೆಯ ಗಣಿತದಲ್ಲಿ ಅದು ಕೋಟಿಗಳ ಲೆಕ್ಕದ ದೊಡ್ಡ ಸಂಖ್ಯೆಯೊಂದರ ಹೆಸರೂ ಹೌದು. ನಮ್ಮ ಮಗಳಿಗೆ ಬಂದದ್ದರಲ್ಲಿ ಗಡ್ಡೆಯೆಂಬುದು ಇರಲಿಲ್ಲ, ಸಂಖ್ಯೆ ಮಾತ್ರ ಇತ್ತು. ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯೂಕೀಮಿಯಾ ಎಂಬ ಈ ರಕ್ತದ ಕ್ಯಾನ್ಸರ್ ಪತ್ತೆಯಾಗುವ ಹೊತ್ತಿಗೆ ಮೈಯಲ್ಲಿ ರೋಗದ ಕಣಗಳು ಸುಮಾರು ಒಂದು ಲಕ್ಷ ಕೋಟಿಯಷ್ಟು ಇರುತ್ತವೆಂದು ವೈದ್ಯಪುಸ್ತಕಗಳು ಹೇಳುತ್ತವೆ. 2019ರ ಜೂನಿನಲ್ಲಿ, ಅವಳಿಗೆ ಆರು ತುಂಬಿ ಎರಡು ತಿಂಗಳಾಗಿದ್ದಾಗ, ನಾವು ಆ ಸಂಖ್ಯೆಯ ಎದುರು ಕುಳಿತೆವು.

ಈ ಬರಹದಲ್ಲಿ ‘ನಾವು’ ಎಂದರೆ ತಂದೆ ತಾಯಿ ಇಬ್ಬರೂ. ಬರೆಯುತ್ತಿರುವುದು ಒಂದೇ ಕೈ, ನಿಜ. ಆದರೆ ಆ ಎರಡೂವರೆ ವರ್ಷಗಳಲ್ಲಿ ಯಾವ ರಾತ್ರಿ ಯಾರು ಎಚ್ಚರವಿದ್ದರು, ಯಾವ ಒಪ್ಪಿಗೆಪತ್ರದ ಮೇಲಿನ ಸಹಿ ಯಾರದು, ಯಾರು ಮೊದಲು ಅತ್ತರು ಎಂಬುದನ್ನೆಲ್ಲ ಬಿಡಿಸಿ ಹೇಳಹೊರಟರೆ ಲೆಕ್ಕ ತಪ್ಪುತ್ತದೆ. ಒಬ್ಬರು ಆಸ್ಪತ್ರೆಯಲ್ಲಿದ್ದರೆ ಇನ್ನೊಬ್ಬರು ಮನೆಯಲ್ಲಿ ಅಥವಾ ಕಚೇರಿಯಲ್ಲಿ. ದಿನಕ್ಕೊಮ್ಮೆ ಲಿಫ್ಟಿನ ಬಾಗಿಲ ಬಳಿ ಊಟದ ಡಬ್ಬಿ ಬದಲಾಯಿಸಿಕೊಳ್ಳುವಾಗ ಭೇಟಿ. ಮದುವೆಯಾಗಿ ಹತ್ತು ವರ್ಷವಾಗಿದ್ದರೂ ‘ನಾವು’ ಎಂಬ ಸರ್ವನಾಮಕ್ಕೆ ಅಷ್ಟು ಕೆಲಸ ಅದಕ್ಕೆ ಮೊದಲು ಬಿದ್ದಿರಲಿಲ್ಲ.

ಮೇ ರಜೆಯಲ್ಲಿ ಧಾರವಾಡಕ್ಕೆ ಹೋಗಿದ್ದಾಗ ಅವಳು ಕಾಲು ನೋಯುತ್ತದೆಂದು ಮಾಳಿಗೆಯ ಮೆಟ್ಟಿಲು ಹತ್ತಲೊಲ್ಲೆ ಎಂದಳು. ಮೊಣಕಾಲ ಕೆಳಗೆ ನೀಲಿ ಕಲೆಗಳು. ಹಲ್ಲುಜ್ಜುವಾಗ ಒಸಡಿನಿಂದ ರಕ್ತ. ಸಂಜೆಯಾದರೆ ಬರುವ, ಬೆಳಗಾದರೆ ಇಳಿಯುವ ಸಣ್ಣ ಜ್ವರ. ಮುಂಬಯಿಗೆ ಮರಳಿದ ಮೇಲೆ ತೋರಿಸಿದ ಮೊದಲ ವೈದ್ಯರು ಬೆಳೆಯುವ ಮಕ್ಕಳಿಗೆ ಇದೆಲ್ಲ ಸಹಜವೆಂದು ಕ್ಯಾಲ್ಸಿಯಂ ಬರೆದುಕೊಟ್ಟರು. ಎರಡನೆಯವರು ಅವಳ ಕೆಳಗಣ್ಣಿನ ರೆಪ್ಪೆ ಬಿಡಿಸಿ ನೋಡಿ, ಏನೂ ಹೇಳದೆ ರಕ್ತಪರೀಕ್ಷೆಗೆ ಚೀಟಿ ಬರೆದರು. ಹಿಮೋಗ್ಲೋಬಿನ್ 5.8, ಪ್ಲೇಟ್ಲೆಟ್ 19,000, ಬಿಳಿ ರಕ್ತಕಣ 42,000. ಪ್ಲೇಟ್ಲೆಟ್ ಕನಿಷ್ಠ ಒಂದೂವರೆ ಲಕ್ಷವಾದರೂ ಇರಬೇಕೆಂಬುದು ನಮಗೆ ಆ ರಾತ್ರಿ ತಿಳಿಯಿತು. ಮರುದಿನ ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿದ್ದೆವು.

ಆಂಟಾಪ್ ಹಿಲ್‌ನ ಸರಕಾರಿ ವಸತಿಗೃಹದಿಂದ ಪರೇಲ್ ದೂರವಲ್ಲ. ಆಸ್ಪತ್ರೆಯ ಎದುರಿನ ಕಾಲುದಾರಿಯಲ್ಲಿ ಹಾಸಿಗೆ ಸುತ್ತಿಟ್ಟುಕೊಂಡು ಕುಳಿತ ಕುಟುಂಬಗಳನ್ನು ಬಸ್ಸಿನ ಕಿಟಕಿಯಿಂದ ಎಷ್ಟೋ ಸಲ ಕಂಡಿದ್ದೆವು. ಬಿಹಾರದಿಂದ, ಬಂಗಾಳದಿಂದ, ಅಸ್ಸಾಮಿನಿಂದ ಬಂದವರು. 1941ರಲ್ಲಿ ದೊರಾಬ್ಜಿ ಟಾಟಾ ಟ್ರಸ್ಟ್ ಆರಂಭಿಸಿದ ಈ ಆಸ್ಪತ್ರೆ 1962ರಿಂದ ಪರಮಾಣು ಶಕ್ತಿ ಇಲಾಖೆಯ ಅಧೀನದಲ್ಲಿದೆ. ಕೇಂದ್ರ ಸರಕಾರದ ಕಡತಗಳ ನಡುವೆ ಬದುಕುವ ನಮಗೆ ಇಷ್ಟು ಮಾತ್ರ ಮೊದಲೇ ಗೊತ್ತಿತ್ತು. ಅಲ್ಲಿ ನಾವೂ ಒಂದು ಕಡತದ ಸಂಖ್ಯೆಯಾಗಿ ಸಾಲಿನಲ್ಲಿ ನಿಲ್ಲುತ್ತೇವೆಂದು ಮಾತ್ರ ಗೊತ್ತಿರಲಿಲ್ಲ.

ಮೂರನೆಯ ದಿನ, ಎಲುಬಿನ ಮಜ್ಜೆಯ ಪರೀಕ್ಷೆ ಮುಗಿದು ರೋಗದ ಹೆಸರು ಖಚಿತವಾದ ಮೇಲೆ, ವೈದ್ಯರು ಎರಡು ಮಾತು ಹೇಳಿದರು. ಮಕ್ಕಳಿಗೆ ಬರುವ ಕ್ಯಾನ್ಸರುಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಇದು, ಚಿಕಿತ್ಸೆಗೆ ಚೆನ್ನಾಗಿ ಬಗ್ಗುವುದೂ ಇದು. ಮುಂದುವರಿದ ದೇಶಗಳಲ್ಲಿ ನೂರಕ್ಕೆ ಸುಮಾರು 90 ಮಕ್ಕಳು ಉಳಿಯುತ್ತಾರೆ. ಎರಡನೆಯದು, ಮಗುವಿಗೆ ಸುಳ್ಳು ಹೇಳಬೇಡಿ. ಮೊದಲನೆಯದನ್ನು ನಾವು ಬಿಗಿಯಾಗಿ ಹಿಡಿದುಕೊಂಡೆವು. ಎರಡನೆಯದನ್ನು ಹೇಗೆ ಪಾಲಿಸುವುದೆಂದು ಆ ರಾತ್ರಿಯಿಡೀ ಮಾತಾಡಿದೆವು.

ತೊಡಕು ಬರಿಯ ಧೈರ್ಯದ್ದಾಗಿರಲಿಲ್ಲ, ಭಾಷೆಯದೂ ಆಗಿತ್ತು. ಹೊರನಾಡಿನಲ್ಲಿ ಮಕ್ಕಳನ್ನು ಬೆಳೆಸಿದವರಿಗೆ ಇದನ್ನು ವಿವರಿಸಬೇಕಿಲ್ಲ. ನಮ್ಮ ಮಗಳು ಗೆಳತಿಯರೊಂದಿಗೆ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್, ಟೀವಿಯ ಮುಂದೆ ಹಿಂದಿ, ಮನೆಯಲ್ಲಿ ಧಾರವಾಡದ ಕನ್ನಡ. ಆಸ್ಪತ್ರೆಯ ಮಾತೆಲ್ಲ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಬರುತ್ತಿತ್ತು. ಆದರೆ ಸೂಜಿ ಚುಚ್ಚಿದಾಗ ಅವಳು ‘ಯವ್ವಾ’ ಎಂದೇ ಅಳುತ್ತಿದ್ದಳು. ನೋವು ಕನ್ನಡದಲ್ಲಿದ್ದ ಮೇಲೆ ಅದರ ಕಾರಣವನ್ನೂ ಕನ್ನಡದಲ್ಲಿಯೇ ಹೇಳಬೇಕು ಎಂದುಕೊಂಡೆವು. ನಮ್ಮಲ್ಲೊಬ್ಬರಿಗೆ ಇಂಗ್ಲಿಷ್ ಸಾಹಿತ್ಯದ ಎಂ.ಎ. ಪದವಿ ಇದೆ. ಆ ವಾರ ಅದರಿಂದ ಕಾಸಿನ ಉಪಯೋಗವಾಗಲಿಲ್ಲ. ‘ಅಸ್ಥಿಮಜ್ಜೆ’ ಎಂದರೆ ಆರು ವರ್ಷದ ಮಗುವಿಗೆ ಏನು ತಿಳಿದೀತು? ಪ್ಲೇಟ್ಲೆಟ್‌ಗೆ ವಿಜ್ಞಾನದ ಪಠ್ಯಗಳಲ್ಲಿ ‘ಕಿರುತಟ್ಟೆ’ ಎಂಬ ಪದವಿದೆ. ಅದನ್ನು ಹೇಳಿದಾಗ ಅವಳಿಗೆ ನಗು ಬಂತು. ತನ್ನ ಆಟದ ಅಡಿಗೆ ಸಾಮಾನು ನೆನಪಾಗಿರಬೇಕು. ಆ ಪದವನ್ನು ಇಟ್ಟುಕೊಂಡೆವು. ಮಜ್ಜೆಯನ್ನು ಬಿಟ್ಟೆವು. ಅದರ ಬದಲು ಗಿರಣಿ ಬಂತು.

ಧಾರವಾಡದ ಮನೆಯ ಓಣಿಯಲ್ಲಿ ಒಂದು ಹಿಟ್ಟಿನ ಗಿರಣಿಯಿದೆ. ಅಜ್ಜಿಯ ಕೈಹಿಡಿದು ಜೋಳ ಬೀಸಿಸಲು ಹೋಗುವುದು ಅವಳಿಗೆ ರಜೆಯ ದೊಡ್ಡ ಸಂಭ್ರಮ. ಹಾಗಾಗಿ ಹೇಳಿದೆವು: ನಿನ್ನ ಎಲುಬಿನ ಒಳಗೂ ಒಂದು ಗಿರಣಿಯಿದೆ, ಅಲ್ಲಿ ಹಗಲಿರುಳು ರಕ್ತ ತಯಾರಾಗುತ್ತದೆ. ಕೆಂಪು ಕಣ ಉಸಿರು ಹೊರುತ್ತದೆ, ಬಿಳಿಯದು ಜ್ವರವನ್ನು ಓಡಿಸುತ್ತದೆ, ಕಿರುತಟ್ಟೆ ಗಾಯ ಮುಚ್ಚುತ್ತದೆ. ಈಗ ಅಲ್ಲಿ ಒಂದು ಜಾತಿಯ ಬಿಳಿ ಕಣ ಪೂರ್ತಿ ಬೆಳೆಯದೆ, ಯಾವ ಕೆಲಸವನ್ನೂ ಕಲಿಯದೆ, ಬರಿದೆ ಒಂದಕ್ಕೆರಡಾಗಿ ಜಾಗವನ್ನೆಲ್ಲ ತುಂಬಿಕೊಂಡಿದೆ. ಉಳಿದವಕ್ಕೆ ನಿಲ್ಲಲೂ ಸ್ಥಳವಿಲ್ಲ. ಅದಕ್ಕೇ ನಿನಗೆ ಸುಸ್ತು, ಅದಕ್ಕೇ ನೀಲಿ ಕಲೆ. ಔಷಧ ಕೊಟ್ಟು ಗಿರಣಿಯನ್ನು ಖಾಲಿ ಮಾಡಬೇಕು. ಖಾಲಿ ಮಾಡುವಾಗ ಒಳ್ಳೆಯ ಕಣಗಳೂ ಹೋಗುತ್ತವೆ, ಆಗ ಮೈಗೆ ತ್ರಾಸಾಗುತ್ತದೆ. ಆಮೇಲೆ ಒಳ್ಳೆಯವು ಮತ್ತೆ ಬರುತ್ತವೆ. ಇದರ ಹೆಸರು ಲ್ಯೂಕೀಮಿಯಾ. ಜನ ಕ್ಯಾನ್ಸರ್ ಎನ್ನುತ್ತಾರೆ. ಈ ಎರಡು ಪದಗಳನ್ನು ಯಾರ ಬಾಯಿಂದಲೋ ಕೇಳುವ ಮೊದಲು ನಮ್ಮ ಬಾಯಿಂದಲೇ ಕೇಳಲಿ ಎಂಬುದು ನಮ್ಮ ನಿರ್ಧಾರವಾಗಿತ್ತು.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: “ನಾ ಐಸ್‌ಕ್ರೀಮ್ ತಿಂದಿದ್ದಕ್ಕ ಬಂತೇನು?”

ಇಲ್ಲ ಎಂದೆವು. ನೀನು ಮಾಡಿದ್ದರಿಂದ ಬಂದದ್ದಲ್ಲ, ನಾವು ಮಾಡಿದ್ದರಿಂದಲೂ ಅಲ್ಲ. ಅದೇ ಬೆಳಿಗ್ಗೆ ನಾವು ವೈದ್ಯರಿಗೆ ಇದೇ ಪ್ರಶ್ನೆಯನ್ನು ದೊಡ್ಡವರ ಇಂಗ್ಲಿಷಿನಲ್ಲಿ ಕೇಳಿ ಇದೇ ಉತ್ತರ ಪಡೆದಿದ್ದೆವು. ಬಹುತೇಕ ಮಕ್ಕಳಲ್ಲಿ ಇದಕ್ಕೆ ಬೊಟ್ಟು ಮಾಡಿ ತೋರಿಸುವಂಥ ಕಾರಣ ಸಿಗುವುದಿಲ್ಲ. ಕಾರಣವಿಲ್ಲವೆಂಬ ಮಾತನ್ನು ನಂಬಲು ಅವಳಿಗೆ ಐದು ನಿಮಿಷ ಸಾಕಾಯಿತು.

ಮೊದಲ ಹಂತದ ಚಿಕಿತ್ಸೆ ಸುಮಾರು ಐದು ವಾರ. ಈ ಅವಧಿಯ ಯಜಮಾನ ಸ್ಟಿರಾಯ್ಡ್ ಗುಳಿಗೆ. ಅದು ರೋಗದ ಕಣಗಳನ್ನು ಕೊಲ್ಲುತ್ತದೆ, ಜೊತೆಗೆ ಮಗುವಿನ ಹೊಟ್ಟೆಯಲ್ಲಿ ಒಂದು ಬೆಂಕಿ ಹೊತ್ತಿಸುತ್ತದೆ. ಅವಳ ಮುಖ ಗುಂಡಗಾಯಿತು, ಸ್ವಭಾವ ಕಿಡಿಕಿಡಿಯಾಯಿತು, ರಾತ್ರಿ ಮೂರು ಗಂಟೆಗೆ ಎದ್ದು ಜೋಳದ ರೊಟ್ಟಿ ಮತ್ತು ಬದನೆಕಾಯಿ ಎಣಗಾಯಿ ಬೇಕೆಂದು ಹಟ ಹಿಡಿಯತೊಡಗಿದಳು. ಬೇರೆ ಏನು ಕೊಟ್ಟರೂ ಒಲ್ಲೆ. ಹೀಗೆ ಮೂರು ವಾರ ನಮ್ಮ ಅಡಿಗೆಮನೆಯಲ್ಲಿ ಮಧ್ಯರಾತ್ರಿ ಬದನೆಕಾಯಿಗೆ ಮಸಾಲೆ ತುಂಬುವ ಕೆಲಸ ನಡೆಯಿತು. ಕೆಳಗಿನ ಮನೆಯ ತಮಿಳು ಕುಟುಂಬದವರು ರೊಟ್ಟಿ ಬಡಿಯುವ ಸದ್ದಿಗೆ ಒಮ್ಮೆಯೂ ತಕರಾರು ಮಾಡಲಿಲ್ಲ.

ರೊಟ್ಟಿ ಬಡಿದವರು ಅವಳ ಅಜ್ಜಿ. ವಿಷಯ ತಿಳಿಸಿದ ಮರುದಿನವೇ ಧಾರವಾಡದಿಂದ ರೈಲು ಹತ್ತಿದ್ದರು. ಫೋನಿನಲ್ಲಿ ನಾವು ಹೆಸರು ಹೇಳಿದಾಗ ಅವರು ಅದನ್ನು ಮರಳಿ ಉಚ್ಚರಿಸಲಿಲ್ಲ; “ಆ ಬ್ಯಾನಿ” ಎಂದರು, ಕೊನೆಯವರೆಗೂ ಹಾಗೆಯೇ ಅಂದರು. ಅವರೊಡನೆ ನಮ್ಮ ಜಗಳವೆಲ್ಲ ಊಟದ ಬಗ್ಗೆ. ಬಿಳಿ ಕಣ ಇಳಿದಾಗ ಹಸಿಯಾದದ್ದನ್ನು, ಮನೆಯ ಮೊಸರನ್ನು, ತೆಳುಸಿಪ್ಪೆಯ ಹಣ್ಣನ್ನು ಕೊಡುವಂತಿಲ್ಲ ಎಂದಿದ್ದರು. ಮೊಸರಿಲ್ಲದ ಊಟ ಊಟವೇ ಅಲ್ಲವೆಂದು ತಿಳಿದ ಹೆಂಗಸಿಗೆ ಇದು ಮಗುವಿಗೆ ವಿಧಿಸಿದ ಶಿಕ್ಷೆಯಾಗಿ ಕಂಡಿತು. ಹುಬ್ಬಳ್ಳಿಯ ಸಿದ್ಧಾರೂಢ ಮಠದಿಂದ ತಂದ ಅಂಗಾರವನ್ನು ಹಣೆಗೆ ಹಚ್ಚಬಹುದು, ಬಾಯಿಗೆ ಹಾಕಬಾರದು ಎಂಬಲ್ಲಿಗೆ ಒಪ್ಪಂದವಾಯಿತು. ಊರಿನ ನಾಲ್ಕಾರು ಬಂಧುಗಳು ಪಪ್ಪಾಯಿ ಎಲೆಯ ರಸದಿಂದ ಹಿಡಿದು ಗೋಮೂತ್ರದವರೆಗೆ ಸೂಚಿಸಿದ ಮದ್ದುಗಳನ್ನು ಮಾತ್ರ ಅಜ್ಜಿಯೇ ನಿಂತು ತಳ್ಳಿಹಾಕಿದರು. “ಡಾಕ್ಟರು ಒಂದು ಹಾದಿ ಹಿಡಿದಾರ, ನಡುವ ಕೈ ಆಡಿಸಬ್ಯಾಡ್ರಿ” ಎಂಬ ಅವರ ಮಾತು ನಮ್ಮ ವಾದಕ್ಕಿಂತ ಹೆಚ್ಚು ಕೆಲಸ ಮಾಡಿತು.

ನಾಲ್ಕನೆಯ ವಾರ ಕೂದಲು ದಿಂಬಿಗೆ ಅಂಟಿ ಬರತೊಡಗಿದಾಗ ಪೂರ್ತಿ ಬೋಳಿಸುವುದೇ ಲೇಸೆಂದು ಕ್ಷೌರಿಕರನ್ನು ಮನೆಗೆ ಕರೆಸಿದೆವು. ಹುಟ್ಟಿದ ಎರಡನೆಯ ವರ್ಷ ಧಾರವಾಡದಲ್ಲಿ ಅವಳ ಜಾವಳ ತೆಗೆಸಿದ್ದೆವು. ಅಜ್ಜಿ ಇದನ್ನೂ ಜಾವಳವೆಂದೇ ಕರೆದು, ಮಣೆ ಹಾಕಿ ಕೂಡಿಸಿ, ಆರತಿ ಬೆಳಗಿ, ಸಿಹಿ ಮಾಡಿದರು. ಸಿಹಿಯನ್ನು ಅವಳು ಮುಟ್ಟಲಿಲ್ಲ. ಎಣಗಾಯಿ ಕೇಳಿದಳು.

ಪ್ಲೇಟ್ಲೆಟ್ ಹತ್ತು ಸಾವಿರಕ್ಕೆ ಕುಸಿದ ಒಂದು ಶುಕ್ರವಾರ ದಾನಿಗಳನ್ನು ಹುಡುಕಿಕೊಂಡು ಬರಲು ಹೇಳಿದರು. ಇದು ಸಾಮಾನ್ಯ ರಕ್ತದಾನವಲ್ಲ. ದಾನಿಯ ರಕ್ತ ಯಂತ್ರದ ಮೂಲಕ ಹಾದು, ಕಿರುತಟ್ಟೆಗಳನ್ನಷ್ಟೇ ಬಿಟ್ಟು ಮರಳಿ ಅವನ ಮೈಗೇ ಸೇರುತ್ತದೆ. ಒಂದು ಒಂದೂವರೆ ತಾಸಿನ ಕೆಲಸ. ತೆಗೆದ ಪ್ಲೇಟ್ಲೆಟ್‌ಗಳು ಐದು ದಿನಕ್ಕಿಂತ ಹೆಚ್ಚು ಬಾಳುವುದಿಲ್ಲವಾದ್ದರಿಂದ ಕೂಡಿಟ್ಟುಕೊಳ್ಳುವಂತಿಲ್ಲ. ಪರಿಚಯದವರೊಬ್ಬರು ಮಾಟುಂಗದ ಒಂದು ಉಡುಪಿ ಹೊಟೇಲಿಗೆ ಫೋನು ಮಾಡಿದರು. ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ನಾಲ್ವರು ಹುಡುಗರು ಟ್ಯಾಕ್ಸಿಯಲ್ಲಿ ಬಂದಿಳಿದರು, ಎಲ್ಲರೂ ಕುಂದಾಪುರದ ಕಡೆಯವರು. ಒಬ್ಬನಿಗೆ ಹಿಮೋಗ್ಲೋಬಿನ್ ಸಾಲದು, ಒಬ್ಬ ಇತ್ತೀಚೆಗೆ ತೋಳಿನ ಮೇಲೆ ಹಚ್ಚೆ ಹಾಕಿಸಿಕೊಂಡಿದ್ದ, ಒಬ್ಬ ಹಲ್ಲುನೋವಿಗೆ ಮಾತ್ರೆ ನುಂಗಿದ್ದ. ನಾಲ್ಕನೆಯವನು ಆಯ್ಕೆಯಾದ. ತಿರಸ್ಕೃತರಾದ ಮೂವರು ಅವನು ಹೊರಬರುವವರೆಗೆ ಬೆಂಚಿನ ಮೇಲೆ ಅಪರಾಧಿಗಳಂತೆ ಕುಳಿತಿದ್ದರು. ನಾವು ಕೃತಜ್ಞತೆ ಹೇಳಲು ಹೋದಾಗ ಅವನು ಹೇಳಿದ್ದು, “ಅದೆಲ್ಲ ಎಂತಕ್ಕೆ ಮಾರಾಯ್ರೆ, ಸಂಜೆ ಟೇಬಲ್ ಹಿಡೀಬೇಕು, ಬರ್ತೆ.” ಮುಂಬಯಿಯ ಕನ್ನಡ ಎಂದರೆ ಸಂಘಗಳು, ರಾತ್ರಿಶಾಲೆಗಳು, ನಾಟಕಗಳು ಎಂದೆಲ್ಲ ನಾವು ಲೇಖನಗಳಲ್ಲಿ ಬರೆಯುತ್ತೇವೆ. ನಮ್ಮ ಮಗಳ ಮೈಯಲ್ಲಿ ಅದು ಅರಿಶಿನ ಬಣ್ಣದ ಒಂದು ಚೀಲವಾಗಿ ಇಳಿಯಿತು.

ಆಸ್ಪತ್ರೆಯಲ್ಲಿ ಕಾಯುವ ಹೊತ್ತು ಬಹಳ. ಆ ಹೊತ್ತಿನಲ್ಲಿ ಓದಿದ್ದರಲ್ಲಿ ಒಂದು ಸಂಗತಿ ನಮ್ಮನ್ನು ಇಂದಿಗೂ ಬಿಟ್ಟಿಲ್ಲ. ಪರೇಲೆಂದರೆ ಗಿರಣಗಾಂವ್, ಹತ್ತಿ ಗಿರಣಿಗಳ ಊರು. ಈಗ ಅವುಗಳ ಹೊಗೆ ಕೊಳವೆಗಳು ಗಾಜಿನ ಗೋಪುರಗಳ ನಡುವೆ ಅಲ್ಲಲ್ಲಿ ಉಳಿದಿವೆ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲೆಂಡಿನ ವೈದ್ಯೆ ಮುಂಬಯಿಗೆ ಬಂದು, ಇಲ್ಲಿನ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಗರ್ಭಿಣಿಯರನ್ನು ಕಾಡುತ್ತಿದ್ದ ತೀವ್ರ ರಕ್ತಹೀನತೆಯ ಕಾರಣವನ್ನು ಹುಡುಕಿದರು. ಅವರು ಕೆಲಸ ಮಾಡಿದ್ದು ಇದೇ ಪರೇಲಿನ ಹಾಫ್ಕಿನ್ ಸಂಸ್ಥೆಯಲ್ಲಿ, ಆಸ್ಪತ್ರೆಯಿಂದ ನಡೆದು ಹೋಗುವಷ್ಟು ದೂರದಲ್ಲಿ. ಯೀಸ್ಟಿನ ಸಾರವಾದ ಮಾರ್ಮೈಟ್ ಕೊಟ್ಟರೆ ಆ ಹೆಂಗಸರ ರಕ್ತ ಮತ್ತೆ ತುಂಬಿಕೊಳ್ಳುತ್ತದೆಂದು ಕಂಡುಕೊಂಡು 1931ರಲ್ಲಿ ಪ್ರಕಟಿಸಿದರು. ಆ ಸಾರದಲ್ಲಿದ್ದ ವಸ್ತುವನ್ನೇ ಮುಂದೆ ಫೋಲಿಕ್ ಆಮ್ಲವೆಂದು ಗುರುತಿಸಲಾಯಿತು. ಇಂದಿಗೂ ಗರ್ಭಿಣಿಯರಿಗೆಲ್ಲ ಕೊಡುವ ಗುಳಿಗೆ ಅದು.

ರಕ್ತ ಬೆಳೆಯಲು ಫೋಲಿಕ್ ಆಮ್ಲ ಬೇಕು. ಹಾಗಿದ್ದರೆ ರಕ್ತದ ರೋಗದ ಮಕ್ಕಳಿಗೂ ಕೊಟ್ಟು ನೋಡೋಣವೆಂದು ಅಮೆರಿಕೆಯ ಬಾಸ್ಟನ್ನಿನಲ್ಲಿ ಸಿಡ್ನಿ ಫಾರ್ಬರ್ ಎಂಬ ವೈದ್ಯರು ಯತ್ನಿಸಿದರು. ರೋಗ ಇನ್ನಷ್ಟು ವೇಗವಾಗಿ ಬೆಳೆಯುತ್ತಿರುವಂತೆ ಅವರಿಗೆ ಕಂಡಿತು. ಅಲ್ಲಿಂದ ಅವರ ಯೋಚನೆ ತಿರುವುಮುರುವಾಯಿತು: ಬೆಳೆಸುವುದು ಇದಾದರೆ ಇದಕ್ಕೆ ಅಡ್ಡಗಟ್ಟುವ ವಸ್ತು ರೋಗವನ್ನು ತಡೆಯಬೇಕಲ್ಲವೆ? ಅಂಥ ವಸ್ತುವನ್ನು ತಯಾರಿಸಿ ಕೊಟ್ಟದ್ದು ಲೆಡರ್ಲೆ ಪ್ರಯೋಗಾಲಯದಲ್ಲಿ ಯೆಲ್ಲಾಪ್ರಗಡ ಸುಬ್ಬರಾವ್ ಅವರ ತಂಡ. ಅವರು ಆಂಧ್ರದ ಭೀಮಾವರದಲ್ಲಿ ಹುಟ್ಟಿದವರು. 1948ರಲ್ಲಿ ಫಾರ್ಬರ್ ಪ್ರಕಟಿಸಿದ ವರದಿಯಲ್ಲಿ 16 ಮಕ್ಕಳ ಪೈಕಿ 10 ಮಕ್ಕಳಲ್ಲಿ ರೋಗ ಹಿಮ್ಮೆಟ್ಟಿತ್ತು, ಕೆಲಕಾಲ ಮಾತ್ರವಾದರೂ. ಆ ಔಷಧದ ಸೋದರಿಯೇ ಮೆಥೋಟ್ರೆಕ್ಸೇಟ್. ನಮ್ಮ ಮಗಳನ್ನು ಮಗ್ಗುಲಾಗಿ ಮಲಗಿಸಿ, ಮೊಣಕಾಲನ್ನು ಎದೆಗೆ ಒತ್ತಿ ಹಿಡಿದು, ಬೆನ್ನುಹುರಿಯ ದ್ರವದೊಳಗೆ ಸೂಜಿಯಿಂದ ಬಿಡುತ್ತಿದ್ದ ಹಳದಿ ನೀರು ಅದೇ. ಮೊಣಕಾಲು ಹಿಡಿಯುತ್ತಿದ್ದವರು ನಾವು.

ಹೆಸರು ಉಳಿಯದ ಆ ಗಿರಣಿಯ ಹೆಂಗಸರ ರಕ್ತದಿಂದ ಹೊರಟ ಒಂದು ತಿಳಿವಳಿಕೆ ಎರಡು ಸಮುದ್ರ ದಾಟಿ, ತಲೆಕೆಳಗಾಗಿ, ಅದೇ ಪರೇಲಿಗೆ ಮರಳಿ ಬಂದಿತ್ತು. ನಮ್ಮ ಕತೆಯ ಗಿರಣಿಗೂ ಈ ಗಿರಣಿಗೂ ಸಂಬಂಧವಿದೆಯೆಂದು ಮಗಳಿಗೆ ಕತೆ ಹೇಳುವಾಗ ನಮಗೆ ಗೊತ್ತಿರಲಿಲ್ಲ. ತಿಳಿದ ಮೇಲೆ ಅದನ್ನೂ ಸೇರಿಸಿದೆವು. ಇನ್ನೊಂದು ಔಷಧವಾದ ವಿನ್‌ಕ್ರಿಸ್ಟಿನ್ ನಮ್ಮ ವಸತಿಗೃಹದ ಕಾಂಪೌಂಡಿನಲ್ಲಿಯೇ ಅರಳುವ ಸದಾಪುಷ್ಪದಿಂದ ಬಂದದ್ದು. ಕೆಲವರು ಅದನ್ನು ಕಾಶಿಕಣಗಿಲೆ ಎನ್ನುತ್ತಾರೆ, ಮರಾಠಿಯವರು ಸದಾಫುಲಿ. ಅವಳು ಒಂದು ಹೂವನ್ನು ಬೆರಳಲ್ಲಿ ತಿರುವಿ ನೋಡಿ, ಇಷ್ಟು ಚಂದದ ಹೂವು ದವಡೆಯನ್ನು ಅಷ್ಟು ನೋಯಿಸುತ್ತದೆಯೇ ಎಂದು ಬೇಸರ ಪಟ್ಟುಕೊಂಡಳು. ಆ ಔಷಧ ಹೋದ ಮರುದಿನ ದವಡೆ ನೋಯುತ್ತಿತ್ತು, ಹೊಟ್ಟೆ ಕಟ್ಟುತ್ತಿತ್ತು, ಕೆಲವು ವಾರಗಳ ನಂತರ ಪಾದ ಎತ್ತಲಾಗದೆ ಎಡವುತ್ತಿದ್ದಳು.

ಪಕ್ಕದ ಮಂಚದಲ್ಲಿ ಬಿಹಾರದಿಂದ ಬಂದ ಒಂಬತ್ತು ವರ್ಷದ ಹುಡುಗನೊಬ್ಬನಿದ್ದ. ಅವನದೂ ಇದೇ ರೋಗ, ಎರಡನೆಯ ಸಲ ಮರಳಿದ್ದು. ಅವನ ತಾಯಿ ಮೊದಲು ಕಾಲುದಾರಿಯಲ್ಲಿ ಮಲಗಿ, ಆಮೇಲೆ ದಾದರದ ಗಾಡಗೆ ಮಹಾರಾಜ ಧರ್ಮಶಾಲೆಯಲ್ಲಿ ಜಾಗ ಸಿಕ್ಕವರು. ದೂರದಿಂದ ಬರುವ ಇಂಥ ಕುಟುಂಬಗಳಿಗೆ ಸೇಂಟ್ ಜೂಡ್ ಇಂಡಿಯಾ ಚೈಲ್ಡ್‌ಕೇರ್ ಸೆಂಟರ್ಸ್ 2006ರಿಂದ ಉಚಿತ ವಸತಿ ಕೊಡುತ್ತಿದೆ. ಆದರೂ ಬರುವವರ ಸಂಖ್ಯೆ ಎಂದಿಗೂ ಕೋಣೆಗಳಿಗಿಂತ ಹೆಚ್ಚು. ಬಡ ದೇಶಗಳಲ್ಲಿ ಇದೇ ರೋಗದಿಂದ ಹೆಚ್ಚು ಮಕ್ಕಳು ಸಾಯುವುದಕ್ಕೆ ಔಷಧದ ಕೊರತೆಯೊಂದೇ ಕಾರಣವಲ್ಲ. ತಡವಾಗಿ ಪತ್ತೆಯಾಗುವುದು, ಸೋಂಕು, ಮತ್ತು ನಡುದಾರಿಯಲ್ಲಿ ಹಣವೋ ಬಲವೋ ತೀರಿ ಊರಿಗೆ ಮರಳುವುದು. 2030ರ ವೇಳೆಗೆ ಜಗತ್ತಿನ ಕ್ಯಾನ್ಸರ್ ಪೀಡಿತ ಮಕ್ಕಳಲ್ಲಿ ನೂರಕ್ಕೆ 60 ಮಂದಿಯಾದರೂ ಉಳಿಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಗುರಿಯಿಟ್ಟುಕೊಂಡಿತು. ಆ ಅಂಕಿಯನ್ನು ಮಂಚಗಳ ಸಾಲಿನ ನಡುವೆ ನಿಂತು ಓದುವುದು ಬೇರೆಯೇ ಅನುಭವ.

ಹುಡುಗ ನಮ್ಮ ಮಗಳಿಗೆ ‘ಚಿಡಿಯಾ ಉಡ್’ ಆಟ ಕಲಿಸಿದ, ತನ್ನ ಬಣ್ಣದ ಪೆನ್ಸಿಲುಗಳ ಡಬ್ಬಿಯನ್ನು ಅವಳಿಗೆ ಕೊಟ್ಟಿದ್ದ. ಆಗಸ್ಟಿನ ಒಂದು ರಾತ್ರಿ ಅವನಿಗೆ ಜ್ವರ ಏರಿತು. ಬಿಳಿ ಕಣಗಳಿಲ್ಲದ ಮೈಯಲ್ಲಿ ಜ್ವರ ಎಷ್ಟು ಬೇಗ ಸಾಗುತ್ತದೆಂಬುದನ್ನು ಅಲ್ಲಿಯ ಎಲ್ಲ ತಂದೆತಾಯಿಯರೂ ಬಲ್ಲರು. ಅವನನ್ನು ತುರ್ತು ಘಟಕಕ್ಕೆ ಒಯ್ದರು. ಎರಡು ದಿನದ ನಂತರ ಮಂಚದ ಮೇಲೆ ಹೊಸ ಚಾದರ ಹಾಸಿತ್ತು.

ಮಗಳು ಕೇಳಿದಳು: “ಅಂವ ಎಲ್ಲಿ ಹೋದ?”

ಊರಿಗೆ ಹೋದ ಎನ್ನಬಹುದಿತ್ತು. ಹಾಗೆಯೇ ಹೇಳಿದ ತಾಯಿಯೊಬ್ಬರನ್ನು ನಾವು ಅದೇ ಬೆಳಿಗ್ಗೆ ನೋಡಿದ್ದೆವು, ಅವರ ಬಗ್ಗೆ ಆಕ್ಷೇಪವೇನೂ ನಮಗಿಲ್ಲ. ಆದರೆ ಗಿರಣಿಯ ಕತೆ ಹೇಳಿದ ಬಾಯಿಂದ ಈ ಮಾತು ಬರಲೊಲ್ಲದಾಯಿತು. ಒಮ್ಮೆ ಸುಳ್ಳು ಹೇಳಿದರೆ, ನಾಳೆ ‘ಈ ಸೂಜಿ ನೋಯುವುದಿಲ್ಲ’ ಎಂದಾಗ, ‘ನಿನ್ನ ವರದಿ ಚೆನ್ನಾಗಿದೆ’ ಎಂದಾಗ, ಅವಳು ನಮ್ಮನ್ನು ಯಾಕೆ ನಂಬಬೇಕು? ಅವನು ತೀರಿಕೊಂಡ, ಎಂದೆವು. ಅವನ ಗಿರಣಿ ಎರಡು ಸಲ ಕೆಟ್ಟಿತ್ತು, ಡಾಕ್ಟರು ಬಹಳ ಯತ್ನ ಮಾಡಿದರು, ಆಗಲಿಲ್ಲ.

“ನಂದೂ ಹಂಗ ಆಗತೈತೇನು?”

ಆಗಬಾರದೆಂದೇ ಇಷ್ಟೆಲ್ಲ ಮಾಡುತ್ತಿದ್ದೇವೆ. ನಿನ್ನಂಥ ಮಕ್ಕಳಲ್ಲಿ ಬಹಳ ಮಂದಿಗೆ ಗುಣವಾಗುತ್ತದೆ. ಆಗಿಯೇ ತೀರುತ್ತದೆಂದು ಯಾರೂ ಬರೆದುಕೊಡಲಾರರು. ಏನೇ ಆದರೂ ನಾವಿಬ್ಬರೂ ನಿನ್ನ ಹತ್ತಿರ ಇರುತ್ತೇವೆ. ಇಷ್ಟನ್ನೇ ಹೇಳಿದೆವು. ಆ ನಾಲ್ಕು ವಾಕ್ಯಗಳನ್ನು ಮೂರು ರಾತ್ರಿ ಮೊದಲೇ ಇಬ್ಬರೂ ಸೇರಿ ಸಿದ್ಧಪಡಿಸಿಕೊಂಡಿದ್ದೆವು, ಕಚೇರಿಯ ಕರಡಿನಂತೆ ಒಂದೊಂದು ಪದ ಹೊಡೆದು, ಸೇರಿಸಿ. ಅವಳು ಅತ್ತಳು. ಆಮೇಲೆ ಪೆನ್ಸಿಲ್ ಡಬ್ಬಿ ತೆಗೆದು, ಇವನ್ನು ಯಾರಿಗೆ ತಿರುಗಿ ಕೊಡಬೇಕು ಎಂದು ಕೇಳಿದಳು. ಅವನ ತಾಯಿ ಬಂದರೆ ಕೊಡೋಣ ಎಂದೆವು. ಆಕೆ ಮತ್ತೆ ಆ ವಾರ್ಡಿಗೆ ಬರಲಿಲ್ಲ. ಪೆನ್ಸಿಲುಗಳು ಮುಂದಿನ ವರ್ಷದ ಹೊತ್ತಿಗೆ ಬರೆದು ಬರೆದು ಸವೆದು ಮುಗಿದವು. ಡಬ್ಬಿ ಇದೆ.

‘ಹೋರಾಟಗಾರ್ತಿ’ ಎಂಬ ಪದವನ್ನು ನಾವು ಮನೆಯಲ್ಲಿ ಬಳಸದಿರಲು ಆ ಹುಡುಗನೇ ಕಾರಣ. ಬಂಧುಗಳು, ಸಹೋದ್ಯೋಗಿಗಳು ಪ್ರೀತಿಯಿಂದಲೇ ಹಾಗೆ ಕರೆಯುತ್ತಿದ್ದರು: ಅವಳು ವೀರಳು, ಗೆದ್ದೇ ಗೆಲ್ಲುತ್ತಾಳೆ. ಹಾಗಾದರೆ ಅವನು ಸರಿಯಾಗಿ ಹೋರಾಡಲಿಲ್ಲವೆ? ರೋಗವನ್ನು ಯುದ್ಧದ ರೂಪಕದಲ್ಲಿ ಮಾತಾಡುವುದನ್ನು ಸುಸಾನ್ ಸೊಂಟಾಗ್ 1978ರ ತಮ್ಮ ‘ಇಲ್‌ನೆಸ್ ಆಸ್ ಮೆಟಫರ್’ ಪುಸ್ತಕದಲ್ಲಿ ಕಟುವಾಗಿ ವಿರೋಧಿಸಿದ್ದರು. ಸ್ವತಃ ಕ್ಯಾನ್ಸರಿನ ಚಿಕಿತ್ಸೆ ಪಡೆದವರು ಅವರು. ಕಾಲೇಜಿನಲ್ಲಿ ಓದಿದಾಗ ಅದು ಪರೀಕ್ಷೆಗೆ ಬರಬಹುದಾದ ವಾದವಾಗಿ ಕಂಡಿತ್ತು. ನಮ್ಮ ಪೀಳಿಗೆಯವರಿಗೆ ಕ್ಯಾನ್ಸರನ್ನು ಕಲಿಸಿದ್ದು ಸಿನಿಮಾ. 1971ರ ‘ಆನಂದ್’ ಚಿತ್ರದಲ್ಲಿ ರಾಜೇಶ್ ಖನ್ನಾ ಇದೇ ಮುಂಬಯಿಯಲ್ಲಿ ನಗುನಗುತ್ತ ಸಾಯುತ್ತಾನೆ. ರೋಗಿ ಒಂದೋ ವೀರನಾಗಬೇಕು, ಇಲ್ಲವೆ ಸಂತನಾಗಬೇಕು. ನಮ್ಮ ಮಗಳು ಎರಡೂ ಆಗಿರಲಿಲ್ಲ. ಔಷಧ ಉಗುಳುತ್ತಿದ್ದಳು, ನರ್ಸನ್ನು ಒದೆಯುತ್ತಿದ್ದಳು, ಕೋಕಂ ಶರಬತ್ತಿನಂಥ ಕೆಂಪು ಔಷಧ ಹೋದ ಮೇಲೆ ಮೂತ್ರವೂ ಕೆಂಪಾದದ್ದನ್ನು ಎಲ್ಲರಿಗೂ ಕರೆದು ಹೇಳುತ್ತಿದ್ದಳು.

ಹಣದ ವಿಷಯ ಚಿಕ್ಕದಾಗಿ ಹೇಳಿ ಮುಗಿಸುತ್ತೇವೆ, ಯಾಕೆಂದರೆ ನಾವು ಭಾಗ್ಯವಂತರ ಸಾಲಿನವರು. ಸರಕಾರಿ ನೌಕರಿಯಲ್ಲಿರುವ ತಾಯಿಗೆ ಇಡೀ ಸೇವಾವಧಿಯಲ್ಲಿ 730 ದಿನಗಳ ಶಿಶುಪಾಲನಾ ರಜೆ ಸಿಗುತ್ತದೆ. ವೈದ್ಯಕೀಯ ಮುಂಗಡ, ಮರುಪಾವತಿ ಇವೆ. ಪ್ರತಿ ಬಿಲ್ಲಿಗೂ ಮೂರು ಪ್ರತಿ, ಪ್ರತಿ ಪ್ರತಿಗೂ ಸಹಿ. ಇಪ್ಪತ್ತು ವರ್ಷ ಇನ್ನೊಬ್ಬರ ಕಡತಗಳ ಮೇಲೆ ಟಿಪ್ಪಣಿ ಬರೆದ ಅಭ್ಯಾಸ ಇಲ್ಲಿ ನೆರವಿಗೆ ಬಂತು. ಮಗಳ ಚಿಕಿತ್ಸೆಯ ಕಡತಕ್ಕೆ ಪುಟಸಂಖ್ಯೆ, ಸೂಚಿ, ಬಣ್ಣದ ಚೀಟಿ ಎಲ್ಲ ಇದ್ದವು. ಕಿರಿಯ ವೈದ್ಯರೊಬ್ಬರು ಹಳೆಯ ವರದಿಗಾಗಿ ಕಂಪ್ಯೂಟರ್ ಬಿಟ್ಟು ನಮ್ಮ ಕಡತವನ್ನೇ ಕೇಳುತ್ತಿದ್ದರು. ಅದರ 41ನೆಯ ಪುಟದಲ್ಲಿ ಮೊದಲ ಹಂತದ ಕೊನೆಯ ಮಜ್ಜೆಯ ವರದಿಯಿದೆ: ಹತ್ತು ಸಾವಿರ ಕಣಗಳಲ್ಲಿ ಒಂದು ರೋಗದ ಕಣವೂ ಸಿಗಲಿಲ್ಲ. ಆ ಪುಟವನ್ನು ಕಡತದಲ್ಲಿ ಸೇರಿಸುವ ಮೊದಲು ನಾವು ಇಬ್ಬರೂ ಬೇರೆ ಬೇರೆಯಾಗಿ, ಒಬ್ಬರಿಗೊಬ್ಬರು ಹೇಳದೆ, ಅದರ ಫೋಟೋ ತೆಗೆದುಕೊಂಡಿದ್ದೆವು.

ಆದರೂ ಚಿಕಿತ್ಸೆ ನಿಲ್ಲುವುದಿಲ್ಲ. ಒಂದು ಲಕ್ಷ ಕೋಟಿ ಕಣಗಳಿದ್ದಲ್ಲಿ ಹತ್ತು ಸಾವಿರಕ್ಕೊಂದೂ ಕಾಣದಾದರೂ ಉಳಿದಿರಬಹುದಾದವುಗಳ ಲೆಕ್ಕ ಲಕ್ಷಗಳಲ್ಲೋ ಕೋಟಿಗಳಲ್ಲೋ ಇರುತ್ತದೆ. ಸೂಕ್ಷ್ಮದರ್ಶಕಕ್ಕೆ ಕಾಣದ ಆ ಶೇಷಕ್ಕಾಗಿಯೇ ಮುಂದಿನ ಎರಡು ವರ್ಷ. ಕೊನೆಯ ದೀರ್ಘ ಹಂತದಲ್ಲಿ ಪ್ರತಿ ರಾತ್ರಿ ಮರ್‌ಕ್ಯಾಪ್ಟೋಪ್ಯೂರಿನ್ ಗುಳಿಗೆ. ಗರ್ಟ್ರೂಡ್ ಎಲಿಯನ್ ಎಂಬ ವಿಜ್ಞಾನಿ ಸಹೋದ್ಯೋಗಿಗಳೊಡನೆ ರೂಪಿಸಿದ ಔಷಧವಿದು, ಪಿಎಚ್.ಡಿ. ಇಲ್ಲದೆಯೇ 1988ರಲ್ಲಿ ನೊಬೆಲ್ ಪಡೆದವರು. ಅಜ್ಜ ಕ್ಯಾನ್ಸರಿನಿಂದ ಸತ್ತದ್ದನ್ನು ಹದಿನೈದನೆಯ ವಯಸ್ಸಿನಲ್ಲಿ ಕಂಡು ಈ ದಾರಿ ಹಿಡಿದರಂತೆ. ಗುಳಿಗೆಯನ್ನು ಅರ್ಧ ಮುರಿದು, ಊಟದ ನಂತರ ಒಂದು ತಾಸು ಬಿಟ್ಟು ಕೊಡುವುದು ನಮಗೆ ಸಂಜೆಯ ದೀಪ ಹಚ್ಚಿದಷ್ಟು ರೂಢಿಯಾಯಿತು.

2020ರ ಮಾರ್ಚಿನಲ್ಲಿ ಊರೇ ಬಾಗಿಲು ಹಾಕಿಕೊಂಡಾಗ ಲೋಕಲ್ ರೈಲು ನಿಂತಿತು, ಆಸ್ಪತ್ರೆ ನಿಲ್ಲಲಿಲ್ಲ. ಆಸ್ಪತ್ರೆಯ ಚೀಟಿ ಜೇಬಿನಲ್ಲಿಟ್ಟುಕೊಂಡು, ಮಗಳನ್ನು ನಡುವೆ ಕೂಡಿಸಿಕೊಂಡು ಸ್ಕೂಟರಿನಲ್ಲಿ ಖಾಲಿ ರಸ್ತೆಗಳನ್ನು ದಾಟುತ್ತಿದ್ದೆವು. ಪೊಲೀಸರು ತಡೆದಾಗ ಅವಳೇ ಟೊಪ್ಪಿಗೆ ತೆಗೆದು ತಲೆ ತೋರಿಸುತ್ತಿದ್ದಳು. ಒಂಬತ್ತು ತಿಂಗಳಿಂದ ಮಾಸ್ಕ್ ಹಾಕಿಕೊಂಡು, ಕೈ ತೊಳೆದುಕೊಂಡು, ಜನಸಂದಣಿಯಿಂದ ದೂರವಿದ್ದ ಅವಳಿಗೆ ಜಗತ್ತೆಲ್ಲ ತನ್ನನ್ನು ನೋಡಿ ಕಲಿತಂತೆ ತೋರಿತು. ಶಾಲೆ ಫೋನಿನ ಪರದೆಗೆ ಬಂದಿದ್ದರಿಂದ ಅವಳ ಗೈರುಹಾಜರಿ ಯಾರಿಗೂ ಎದ್ದು ಕಾಣಲಿಲ್ಲ. ಆ ವರ್ಷ ಅಜ್ಜಿ ಧಾರವಾಡಕ್ಕೆ ಮರಳಲಾಗದೆ ಹತ್ತು ತಿಂಗಳು ನಮ್ಮಲ್ಲಿಯೇ ಉಳಿದರು. ಮಗಳು ಕನ್ನಡ ಓದಲು ಬರೆಯಲು ಕಲಿತದ್ದು ಹಾಗೆ.

ಕೊನೆಯ ಗುಳಿಗೆ 2021ರ ಡಿಸೆಂಬರಿನಲ್ಲಿ. ಅಂದು ವಿಶೇಷವೇನೂ ಮಾಡಲಿಲ್ಲ. ಔಷಧ ನಿಂತ ಮೊದಲ ತಿಂಗಳುಗಳೇ ನಮಗೆ ಎಲ್ಲಕ್ಕಿಂತ ಕಷ್ಟದವಾಗಿದ್ದವು. ಅಲ್ಲಿಯವರೆಗೆ ಕೈಗೆ ಒಂದು ಕೆಲಸವಿತ್ತು. ಮೈ ಸ್ವಲ್ಪ ಬೆಚ್ಚಗಾದರೆ, ಆಟದಲ್ಲಿ ಬಿದ್ದು ಮೊಣಕಾಲು ನೀಲಿಗಟ್ಟಿದರೆ, ನಾವಿಬ್ಬರೂ ಮಾತಿಲ್ಲದೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು. ಈಗಲೂ ನೋಡುತ್ತೇವೆ, ಅಷ್ಟು ಹೊತ್ತಲ್ಲ. ತಪಾಸಣೆ ಮೊದಲು ತಿಂಗಳಿಗೊಮ್ಮೆ ಇದ್ದದ್ದು ಈಗ ಆರು ತಿಂಗಳಿಗೊಮ್ಮೆ. ಕೆಂಪು ಔಷಧ ಹೃದಯಕ್ಕೇನಾದರೂ ಮಾಡಿದೆಯೇ ಎಂದು ಆಗೀಗ ನೋಡುತ್ತಾರೆ, ಎತ್ತರ ಅಳೆಯುತ್ತಾರೆ.

ಅವಳಿಗೀಗ ಹನ್ನೊಂದು. ಈ ವರ್ಷ ಶಾಲೆಯಿಂದ ಬಂದ ಆರೋಗ್ಯ ಪತ್ರವನ್ನು ಅವಳೇ ತುಂಬಿದಳು. ‘ಹಿಂದಿನ ಕಾಯಿಲೆಗಳು’ ಎಂಬ ಸಾಲಿನಲ್ಲಿ ರೋಗದ ಪೂರ್ತಿ ಹೆಸರು, ಕಾಗುಣಿತ ತಪ್ಪದೆ, ಎದುರಿಗೆ 2019–2021. ಅದರ ಕೆಳಗಿನ ಸಾಲು ‘ಅಲರ್ಜಿ’. ಅಲ್ಲಿ ಬದನೆಕಾಯಿ ಎಂದು ಬರೆದಿದ್ದಳು. ಅದೊಂದನ್ನು ಹೊಡೆದು ಹಾಕಿ ಸಹಿ ಮಾಡಿ ಕಳಿಸಿದೆವು.